ದಿಬ್ಬ ಹತ್ತುವಾಗ ಮಾತ್ರ ಆಫ್ ಆಗುತ್ತಿದ್ದ ಇಂಜಿನ್

ನಾನೂ ನನ್ನ ತಮ್ಮನೂ ಸೇರಿ ಕಟ್ಟಿದ ಗೋ-ಕಾರ್ಟ್ (ಇಂಜಿನ್ ಇರುವ ಸಣ್ಣ ನಾಲ್ಕು ಗಾಲಿ ಗಾಡಿ) ಬಗ್ಗೆ ತುಂಬಾ ಜನ ಕೇಳುತ್ತಿದ್ದಾರೆ. ಫ್ರೇಮ್ ಹೇಗೆ ವೆಲ್ಡ್ ಮಾಡಿಸಿದಿರಿ, ಗಾಲಿ ಎಲ್ಲಿ ಸಿಕ್ಕಿತು ಅಂತ. ಅದೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ನಮ್ಮ ಆರು ಭಾನುವಾರ ತಿಂದಿದ್ದು ಇಂಜಿನ್. ಇವತ್ತು ಅದರದ್ದೇ ಮಾತು.

ಇಂಜಿನ್ ಹಳೇದು. ಅಡಿಕೆ ತೋಟದವರೊಬ್ಬರು ಮಾರಿದ ಪವರ್ ವೀಡರ್‌ನಿಂದ (ಕಳೆ ತೆಗೆಯುವ ಯಂತ್ರ) ಬಿಚ್ಚಿದ್ದು. 196 ಸಿಸಿ, ನಾಲ್ಕು ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ನಮ್ಮ ಹೊಲ ಇರುವುದು ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ. ಮೆಕ್ಕೆಜೋಳ ಮುರಿದ ಮೇಲೆ ಹೊಲ ಖಾಲಿ, ಹಿಂದೆ ಒಂದು ಕಲ್ಲು ದಿಬ್ಬ. ಗಾಡಿ ಓಡಿಸಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದರೆ ದಿಬ್ಬದ ಅರ್ಧಕ್ಕೆ ಹೋದರೆ ಇಂಜಿನ್ ಆಫ್. ಸಮತಟ್ಟಿನಲ್ಲೇ ಓಡಿಸಿದರೂ ಹತ್ತು ನಿಮಿಷಕ್ಕೆ ಆಫ್. ಎರಡೂ ಒಂದೇ ತೊಂದರೆ ಅಂದುಕೊಂಡಿದ್ದೆವು, ದಾರಿ ತಪ್ಪಿದ್ದು ಅಲ್ಲೇ.

ಪ್ರತಿ ಸಲ ಮನೆಗೆ ತಳ್ಳಿಕೊಂಡು ಬಂದು, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿ, ಜೋಡಿಸುತ್ತಿದ್ದೆವು. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಹೊಸದು ಹಾಕಿ ಅದರ ತುದಿಯ ಗ್ಯಾಪ್ 0.7 ಮಿಮೀ ಇಟ್ಟೆವು. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಉಳಿದಿದ್ದ ಪೆಟ್ರೋಲ್ ಚೆಲ್ಲಿದೆವು. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ, ಹಾಗಾಗಿ ಹಳೇ ಪೆಟ್ರೋಲ್ ನಂಬಬೇಡಿ. ಇಷ್ಟೆಲ್ಲ ಮಾಡಿದ್ದಕ್ಕೆ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗತೊಡಗಿತು, ಅಷ್ಟೇ.

ನಮ್ಮೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದಾರೆ. ಅವರು ಒಂದೇ ಮಾತು ಹೇಳಿದರು: "ನಿಂತ ಜಾಗದಾಗೇ ನೋಡ್ರಪ್ಪ, ಮನೆಗೆ ತಂದ್ರೆ ಏನ್ ಸಿಗ್ತೈತೆ?" ನಿಜ ಅಲ್ವಾ. ಮನೆಯಲ್ಲಿ ಗಾಡಿ ಮಟ್ಟಸವಾಗಿ ನಿಲ್ಲುತ್ತಿತ್ತು, ಪೆಟ್ರೋಲ್ ನೋಡಲು ಮುಚ್ಚಳ ತೆಗೆಯುತ್ತಿದ್ದೆವು. ಎರಡೂ ತೊಂದರೆ ಅಷ್ಟಕ್ಕೇ ಮಾಯವಾಗುತ್ತಿದ್ದವು.

ಮುಂದಿನ ವಾರ ಪ್ಲಗ್ ಸ್ಪ್ಯಾನರ್ ಹೊಲಕ್ಕೇ ತೆಗೆದುಕೊಂಡು ಹೋದೆವು. ಹತ್ತು ನಿಮಿಷಕ್ಕೆ ನಿಂತಿತು. ಪ್ಲಗ್ ಬಿಚ್ಚಿ ಇಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ಕರೆಂಟ್ (ಕಿಡಿ) ಚೆನ್ನಾಗಿದೆ, ಆದರೆ ಪ್ಲಗ್ ಒಣಗಿದೆ. ಅಂದರೆ ಪೆಟ್ರೋಲ್ ಬರುತ್ತಿಲ್ಲ. ಇಂಜಿನ್ ತಣ್ಣಗಾದ ಮೇಲೆ ಕಾರ್ಬೊರೇಟರ್ ತಳದ ಸ್ಕ್ರೂ ಸಡಿಲಿಸಿ ಡಬ್ಬಿ ಹಿಡಿದೆವು. ನಾಲ್ಕು ಹನಿ ಬಿದ್ದು ನಿಂತಿತು. ಟ್ಯಾಂಕ್ ಮುಚ್ಚಳ ತಿರುಗಿಸಿದ ತಕ್ಷಣ ಸುಯ್ ಅಂತ ಗಾಳಿ ಒಳಗೆ ಹೋಯಿತು, ಪೆಟ್ರೋಲ್ ಧಾರೆಯಾಗಿ ಇಳಿಯಿತು! ಮುಚ್ಚಳದ ಗಾಳಿ ತೂತಿಗೆ ಕೆಂಪು ಮಣ್ಣು ಮೆತ್ತಿತ್ತು. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಸೂಜಿಯಿಂದ ಬಿಡಿಸಿದೆವು. ತೂತು ಮಾತ್ರ ದೊಡ್ಡದು ಮಾಡಬೇಡಿ. ಗಾಡಿ ಕುಲುಕಿದಾಗ ಪೆಟ್ರೋಲ್ ಚೆಲ್ಲುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ಕರೆಂಟ್ ನೋಡುವಾಗಲೂ ಅಷ್ಟೇ, ಚೆಲ್ಲಿದ ಪೆಟ್ರೋಲ್ ಮೊದಲು ಒರೆಸಿ.

ಆಮೇಲೆ ದಿಬ್ಬ. ಅರ್ಧಕ್ಕೆ ನಿಂತಿತು, ಗಾಲಿಗೆ ಕಲ್ಲು ಕೊಟ್ಟು ಅಲ್ಲೇ ಪ್ಲಗ್ ಬಿಚ್ಚಿದೆವು. ಕರೆಂಟೇ ಇಲ್ಲ. ಕೆಳಗಿಳಿಸಿ ಮಟ್ಟಸ ಜಾಗದಲ್ಲಿ ಎಳೆದರೆ ಕರೆಂಟ್ ಇದೆ! ಆಗ ಹೊಳೆಯಿತು, ಇದು ಆಯಿಲ್ ಸೆನ್ಸರ್ ಅಂತ. ಈ ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕರೆಂಟ್ ಕಡಿಯುವ ಸೆನ್ಸರ್ ಇರುತ್ತದೆ. ಗಾಡಿ ವಾಲಿದಾಗ ಆಯಿಲ್ ಒಂದು ಕಡೆ ಸರಿದು, ಇಲ್ಲವೇ ಇಲ್ಲ ಅಂತ ಅದಕ್ಕೆ ಅನಿಸುತ್ತದೆ. ಪರೀಕ್ಷೆಗೆ ಅಂತ ಒಂದೇ ಸಲ ಅದರ ವೈರ್ ಬಿಡಿಸಿ ನೋಡಿದೆವು, ದಿಬ್ಬದ ಮೇಲೂ ಕರೆಂಟ್ ಬಂತು.

ಆ ವೈರ್ ಕತ್ತರಿಸಿ ಬಿಸಾಕಿ ಅನ್ನುವವರು ಬಹಳ ಜನ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಇದರಲ್ಲಿ ಆಯಿಲ್ ಪಂಪ್ ಇಲ್ಲ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ತುದಿಯ ಸಣ್ಣ ಚಮಚದಂಥ ಭಾಗ ಆಯಿಲ್ ಚಿಮ್ಮಿಸುತ್ತದೆ, ಅಷ್ಟೇ. ಅದಕ್ಕೆ ಆಯಿಲ್ ಎಟುಕದಿದ್ದರೆ ರಾಡ್ ಹಿಡಿದುಕೊಳ್ಳುತ್ತದೆ, ಇಂಜಿನ್ ಅಲ್ಲಿಗೆ ಮುಗಿಯಿತು. ವೈರ್ ಮತ್ತೆ ಜೋಡಿಸಿ, ಆಯಿಲ್ ಅಳೆದೆವು. ಇಷ್ಟು ದಿನ ಆಯಿಲ್ ಅಳೆಯುವ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡಿ ನೋಡುತ್ತಿದ್ದೆವು, ಹಾಗೆ ನೋಡಿದರೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಮಟ್ಟಸ ಜಾಗದಲ್ಲಿ, ಕಡ್ಡಿ ತಿರುಗಿಸದೆ ಸುಮ್ನೆ ಇಳಿಸಿ ನೋಡಬೇಕು. ತುಂಬಿದಾಗ ಆಯಿಲ್, ಕಡ್ಡಿ ಇಳಿಸುವ ತೂತಿನ ಅಂಚಿಗೆ ಬಂದು ನಿಲ್ಲುತ್ತದೆ. ಒಟ್ಟು ಹಿಡಿಯುವುದು ಸುಮಾರು 0.6 ಲೀಟರ್, ನಮ್ಮದರಲ್ಲಿ ಒಂದು ಟೀ ಲೋಟದಷ್ಟು ಕಡಿಮೆ ಇತ್ತು.

ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿದರೆ ಇಂಜಿನ್ ಪ್ಲೇಟ್ ಕೂಡ ಹಿಂದಕ್ಕೆ ವಾಲಿತ್ತು. ಹಿಂದಿನ ಬೋಲ್ಟ್‌ಗಳಿಗೆ ಎರಡೆರಡು ವಾಷರ್ ಕೊಟ್ಟೆವು. ಹೋದ ಭಾನುವಾರ ತಮ್ಮ ಮೂರು ಸಲ ದಿಬ್ಬ ಹತ್ತಿ ಇಳಿದ, ಒಮ್ಮೆಯೂ ನಿಲ್ಲಲಿಲ್ಲ. ವಾಷರ್ ಕೊಟ್ಟಿದ್ದಕ್ಕೆ ಚೈನ್ ಸಡಿಲವಾಗಿದೆ, ಈ ವಾರ ಅದರ ಕೆಲಸ.