ಗಾಡಿ ಹಿಂದ ಗಾಡಿ, ಅದರ ಹಿಂದ ಅವ್ವನ ಜೋಳದ ಚೀಲ

ನಮ್ಮನ್ಯಾಗ ತೂಕ ನೋಡೂ ಮಷಿನ್ ಒಂದದ, ನಮ್ಮನಿಯವ್ರು ಅದರ ಮ್ಯಾಲೆ ಕಾಲಿಟ್ಟು ಎರಡ್ ವರ್ಷ ಆತು. ಈಗ ಅದು ಖಾಯಂ ಟ್ರೇಲರ್ ಪೆಟ್ಟಿಗ್ಯಾಗ ಇರ್ತದ. ಯಾಕಂದ್ರ ಹೋದ ದೀಪಾವಳಿಗೆ ಧಾರವಾಡದಿಂದ ಪುಣೆಗೆ ವಾಪಸ್ ಬರೂವಾಗ ನಾವು ನಾಕೂ ಮಂದಿ ಒಂದೀಟರಾಗ ಉಳದ್ವಿ.

ಮೊದಲ ಟ್ರೇಲರ್ ಬಗ್ಗೆ ಹೇಳ್ತೀನಿ, ಕಾರಿನ ಹಿಂದ ಕಟ್ಕೊಂಡು ಎಳ್ಕೊಂಡು ಹೋಗೂ ಮನಿಯಂಥಾ ಗಾಡಿ ಅದು. ಸೆಕೆಂಡ್ ಹ್ಯಾಂಡ್, 11 ಅಡಿ ಉದ್ದ, ಒಳಗ ನಾವಿಬ್ರೂ ಮಲಗೂ ಹಾಸಿಗಿ, ಮ್ಯಾಲೆ ಹುಡುಗೂರಿಗೆ ಎರಡು ಬಂಕ್, ಹಿಂದಿನ ಬಾಗಲಾ ಎತ್ತಿದ್ರ ಅಡಗಿ ಕಟ್ಟಿ. ಎಂಜಿನ್ ಇಲ್ಲ ಅಂತ ಹಂಗ ಕಟ್ಕೊಂಡು ಹೊಂಡಾಕ ಆಗೂದಿಲ್ರೀ, 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರೂ ಮೋಟಾರು ವಾಹನನ, ಅದಕ್ಕೂ ಬ್ಯಾರೆ ಆರ್‌ಸಿ, ಬ್ಯಾರೆ ನಂಬರ್ ಪ್ಲೇಟ್. ಒಂದು ಟೋಲ್‌ನ್ಯಾಗ ನಮ್ಮ ಗಾಲಿ ಎಣಿಸಿ ಎಣಿಸಿ ಅವಂಗೂ ತಿಳೀಲಿಲ್ಲ ನಮಗೂ ತಿಳೀಲಿಲ್ಲ, ಹಿಂದ ಲಾರಿಯವ್ರು ಹಾರ್ನ್ ಬಾರಿಸಿದ್ದಷ್ಟ ಬಂತು.

ಪುಣೆಯಿಂದ ಧಾರವಾಡ ಸುಮಾರು 420 ಕಿಲೋಮೀಟರ್. ಬರೇ ಕಾರಾದ್ರ ಒಂದ ದಿನ, ಟ್ರೇಲರ್ ಇದ್ರ ನಾವು ಎರಡು ದಿನ ಮಾಡ್ತೀವಿ, ಕೊಲ್ಲಾಪುರ ದಾಟಿ ನಿಪ್ಪಾಣಿ ಕಡೆ ಪರಿಚಯದವರ ಹೊಲದಾಗ ರಾತ್ರಿ ನಿಲ್ಲಸ್ತೀವಿ. ಹೋಗೂವಾಗ ಖಂಬಾಟ್ಕಿ ಘಾಟ್ ಏರಬೇಕು, ಬರೂವಾಗ ಸುರಂಗದಾಗ ಬರೂದು, ಸುರಂಗ ಆದಮ್ಯಾಲೆ ಬರೂ ತಿರುವು ಇದ್ಯಲ್ಲ ಅಲ್ಲಿ ನಾನು ಮಾತಾಡೂದ ಬಿಟ್ಟುಬಿಡ್ತೀನಿ.

ರಿವರ್ಸ್ ಬಗ್ಗೆ ಕೇಳಬ್ಯಾಡ್ರಿ. ಟ್ರೇಲರ್ ಬಲಕ್ಕ ಹೋಗಬೇಕಂದ್ರ ಸ್ಟಿಯರಿಂಗ್ ಎಡಕ್ಕ ತಿರುವಬೇಕು. ಒಂದು ಉಪಾಯ ಅದ, ಸ್ಟಿಯರಿಂಗ್ ಕೆಳಗ ಕೈ ಇಟ್ಕೊಂಡು ಟ್ರೇಲರ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸೂದು, ತಲಿ ಕೆಡೂದಿಲ್ಲ. ಆದ್ರ ಇದು ನಮ್ಮ ಮಾಳಮಡ್ಡಿ ಓಣಿಯವರಿಗೆ ಹೆಂಗ ಗೊತ್ತಾಗಬೇಕು. ನಾವು ಹೋದಕೂಡ್ಲೆ ಹತ್ತು ಮಂದಿ ಹೊರಗ ಬಂದು "ಬರ್ರಿ ಬರ್ರಿ, ಬಲಕ್ಕ ಹೊಡೀರಿ, ಇನ್ನೊಂದೀಟು ಬಲಕ್ಕ" ಅಂತಾರ, ಇವ್ರು ಬಲಕ್ಕ ಹೊಡೀತಾರ, ಟ್ರೇಲರ್ ಹೋಗಿ ಎದರಮನಿ ತುಳಸಿಕಟ್ಟಿ ಮುಂದ ನಿಂದರ್ತದ.

ಈಗ ದೀಪಾವಳಿ ಮಾತಿಗೆ ಬರೋಣು. ತವರಮನಿಂದ ಬರೂವಾಗ ಖಾಲಿ ಕೈಲೆ ಬಂದವರು ಯಾರರ ಇದ್ದಾರೇನ್ರೀ? ಅವ್ವ ಎರಡು ಚೀಲ ಜೋಳ, ಬ್ಯಾಡಗಿ ಮೆಣಸಿನಕಾಯಿ, ಶೇಂಗಾ ಚಟ್ನಿ ಪುಡಿ, ಕಟಕ ರೊಟ್ಟಿ, ಮ್ಯಾಲೆ ಒಂದು ಬೀಸೂ ಕಲ್ಲು. ಬೀಸೂ ಕಲ್ಲು ಯಾಕ ಅಂತ ನಾನೂ ಕೇಳಿದೆ, "ಗಾಡಿ ಇಷ್ಟ ದೊಡ್ಡದದ, ಇರ್ಲಿ ತಗೋ" ಅಂದ್ಲು. ಹಿಂದಿನ ಬಾಗಲಾ ತಗದ್ರ ಸಲೀಸ ಇಡಬಹುದು ಅಂತ ಎಲ್ಲಾ ಅಡಗಿ ಕಟ್ಟಿ ಕೆಳಗ ತುಂಬಿದ್ವಿ. ತಪ್ಪಾಗಿದ್ದು ಅಲ್ಲೆ.

ಕಾತ್ರಜದ ಹೊಸ ಸುರಂಗ ದಾಟಿದ ಮ್ಯಾಲೆ ನವಲೆ ಪೂಲ್ ತನಕ ಇಳಜಾರು ಅದ, ಅಪಘಾತಕ್ಕ ಹೆಸರಾದ ಜಾಗ, ಪುಣೆಯವರಿಗೆ ಅದರ ಬಗ್ಗೆ ಹೇಳೂದೇ ಬ್ಯಾಡ. ಅಲ್ಲಿ ಒಂದು ಲಾರಿ ಬಲಗಡೆಯಿಂದ ಜೋರಾಗಿ ದಾಟಿ ಹೋತು, ಅದರ ಗಾಳಿಗೆ ಟ್ರೇಲರ್ ಒಂಚೂರು ಅಳ್ಳಾಡ್ತು, ಆಮ್ಯಾಲೆ ಇನ್ನೊಂಚೂರು, ಆಮ್ಯಾಲೆ ನಾಯಿ ಬಾಲ ಆಡಿಸಿದಂಗ ಈ ಕಡೆ ಆ ಕಡೆ ಹೊಯ್ದಾಡಾಕ ಹತ್ತಿ ಕಾರಿನ ಹಿಂಭಾಗಾನೂ ಜಗ್ಗಾಡಾಕ ಹತ್ತಿತು. ನಾನು "ಬ್ರೇಕ್, ಬ್ರೇಕ್" ಅಂತ ಒದರಿದೆ. ಇವ್ರು ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೆಟ್ಟಗ ಹಿಡದು ಸುಮ್ನ ಕೂತ್ರು, ನಂಗ ಒಂದು ತಾಸು ಆದಂಗಾತು, ಸ್ಪೀಡ್ ಇಳದಂಗ ಅದು ತಾನ ಸುಮ್ನಾತು. ನಮ್ಮ ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲ, ಜೋರಾಗಿ ಹಾಕಿದ್ರ ಕಾರು ನಿಂತಿರ್ತಿತ್ತು, ಹಿಂದಿಂದು ಬಂದು ಗುಮ್ಮಿ ನಮ್ಮನ್ನ ಅಡ್ಡ ತಿರುಗಸ್ತಿತ್ತು. ಸಣ್ಣ ಮಗಳು "ಪಪ್ಪಾ ಇನ್ನೊಮ್ಮೆ" ಅಂದ್ಲು. ಯಾರೂ ನಗಲಿಲ್ಲ.

ಮನಿಗೆ ಬಂದು ಮರುದಿನ ಸಾಮಾನು ಇಳಿಸೂಕಿಂತ ಮೊದಲ ತೂಕ ಮಾಡಿದ್ವಿ. ಟ್ರೇಲರ್ ಮೂತಿ, ಅಂದ್ರ ಕಾರಿನ ಕೊಂಡಿಗೆ ಸಿಗಿಸೂ ಮುಂದಿನ ತುದಿ, ಅದರ ಕೆಳಗ ಮಷಿನ್ ಇಟ್ಟು, ಅದರ ಮ್ಯಾಲೆ ಕಟಗಿ ತುಂಡು ಇಟ್ಟು, ಜಾಕ್ ಇಳಿಸಿ ಮೂತಿ ಭಾರ ಅದರ ಮ್ಯಾಲೆ ಬಿಡೂದು. ಸಾಮಾನು ಸಮೇತ ನಮ್ಮದು ಸುಮಾರು 700 ಕಿಲೋ. ಅದರಾಗ ನೂರಕ್ಕ 10ರಿಂದ 15ರಷ್ಟು ಭಾರ ಕಾರಿನ ಕೊಂಡಿ ಮ್ಯಾಲೆ ಇರಬೇಕು, ಅಂದ್ರ ಕಡಿಮಿ ಅಂದ್ರೂ 70 ಕಿಲೋ. ಮಷಿನ್ ತೋರಿಸಿದ್ದು 31. ಎಲ್ಲಾ ಭಾರ ಗಾಲಿ ಹಿಂದ ಇತ್ತು, ಮೂತಿ ಹಗುರ ಆಗಿತ್ತು, ಮೂತಿ ಹಗುರ ಆದ್ರ ಬಾಲ ಆಡ್ತದ. ಜೋಳದ ಚೀಲ ಎರಡೂ ಎತ್ತಿ ಮುಂದಿನ ಹಾಸಿಗಿ ಕೆಳಗ ಇಟ್ಟು ನೋಡಿದ್ವಿ, 78. ಅಷ್ಟ. ಏನೂ ಕಡಿಮಿ ಮಾಡಲಿಲ್ಲ, ಬರೇ ಜಾಗ ಬದಲಿ.

ಆಮ್ಯಾಲೆ ಗೋವಾಕ್ಕೂ ಹೋಗಿ ಬಂದ್ವಿ, ಆಂಬೋಲಿ ಘಾಟ್ ಪೂರಾ ಎರಡನೇ ಗೇರ್‌ನ್ಯಾಗ ಇಳದ್ವಿ, ಒಮ್ಮೇನೂ ಅಳ್ಳಾಡ್ಲಿಲ್ಲ. ಗೋವಾದಾಗ ಮಾತ್ರ ಬೀಚ್ ಹತ್ರ ಹಿಂದಿನ ಬಾಗಲಾ ಎತ್ತಿ ಚಹಾ ಇಡಬ್ಯಾಡ್ರಿ, ಪ್ರವಾಸಿ ಜಾಗಾದಾಗ ಬಯಲಾಗ ಅಡಗಿ ಮಾಡಿದ್ರ 2019ರಿಂದ ದಂಡ ಅದ. ನಾವು ತಿಳೀದ ಸ್ಟೋವ್ ಹಚ್ಚಿದ್ವಿ, ತೆಂಗಿನಕಾಯಿ ಮಾರೂ ಅಜ್ಜ ಬಂದು ಹೇಳಿ ಉಳಿಸಿದ.

ಅವ್ವಗ ಫೋನ್‌ನ್ಯಾಗ ಇದನ್ನೆಲ್ಲಾ ಬಿಡಿಸಿ ಹೇಳಿದೆ, ಕೊಂಡಿ, ಮೂತಿ, 31, 78 ಎಲ್ಲಾ. ಭಾಳ ಹೊತ್ತು ಸುಮ್ನ ಕೇಳಿದ್ಲು. ಆಮ್ಯಾಲೆ ಅಂದ್ಲು, "ಹಂಗಾದ್ರ ಮುಂದ ಇನ್ನೂ ಒಂದು ಚೀಲ ಹಿಡಿತದ ಅಲ್ಲವಾ?"