ಫುತಾ ಘಾಟಿಯಲ್ಲಿ ಎರಡು ಕಾರುಗಳು

ಇಟಲಿಯ ಫ್ಲಾರೆನ್ಸಿನಿಂದ ಬೊಲೊನ್ಯಾಕ್ಕೆ ಕಾರಿನಲ್ಲಿ ಹೊರಟವರು ಇಂದು ಯೋಚನೆಯನ್ನೇ ಮಾಡದೆ ಎ1 ಹೆದ್ದಾರಿ ಹಿಡಿಯುತ್ತಾರೆ. 1960ರಲ್ಲಿ ಆ ಹೆದ್ದಾರಿ ತೆರೆದಾಗಲೇ ಲಾರಿಗಳೂ ಅವಸರದವರೂ ಅತ್ತ ಸರಿದಿದ್ದರು. 2015ರ ಕೊನೆಯಲ್ಲಿ ಉದ್ದುದ್ದ ಸುರಂಗಗಳ ಹೊಸ ಕವಲೊಂದು ಸೇರಿಕೊಂಡ ಮೇಲೆ ಬೆಟ್ಟಸಾಲನ್ನು ದಾಟಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಅಪೆನೈನ್ ಬೆಟ್ಟಗಳನ್ನು ಹತ್ತಿ ಇಳಿಯುವ ಹಳೆಯ 65ನೇ ಸಂಖ್ಯೆಯ ರಸ್ತೆ ವಾರದ ದಿನಗಳಲ್ಲಿ ಬಹುಮಟ್ಟಿಗೆ ಖಾಲಿ. ನಮಗೆ ಬೇಕಾದದ್ದೂ ಅದೇ.

ಬೊಲೊನ್ಯಾದಲ್ಲಿ ನೆಲೆಸಿರುವ ನನ್ನ ಗೆಳೆಯನಿಗೂ ನನಗೂ ಬಹುಕಾಲದಿಂದ ಒಂದು ವಾದ ನಡೆಯುತ್ತಲೇ ಇದೆ. ಅವನ ಬಳಿ ಹೊಸ ಪೋರ್ಶೆ 911 ಕರೇರಾ ಇದೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಜನ ಆಡುವುದೆಲ್ಲ ಬರೀ ಹಳಹಳಿಕೆ ಎನ್ನುವುದು ಅವನ ನಿಲುವು. ‘ಚೆನ್ನಾಗಿ ಓಡದ ಯಂತ್ರವನ್ನು ಹೊಗಳುವುದಕ್ಕೆ ಒಂದು ನೆಪ ಬೇಕು, ಅದಕ್ಕೆ ನೀವೆಲ್ಲ ಆನಂದ ಎಂದು ಹೆಸರಿಟ್ಟುಕೊಂಡಿದ್ದೀರಿ’ ಎಂದು ಅವನು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಾನೆ. ವಾದವನ್ನು ರಸ್ತೆಯ ಮೇಲೆಯೇ ತೀರಿಸಿಕೊಳ್ಳೋಣ ಎಂದು ಈ ಸಲ ಗಟ್ಟಿ ಮಾಡಿಕೊಂಡೆವು. ಅವನು ತನ್ನ ಕಾರನ್ನು ತರುವುದು, ನಾನು ಹಳೆಯದೊಂದನ್ನು ಬಾಡಿಗೆಗೆ ಹಿಡಿಯುವುದು, ಒಂದೇ ರಸ್ತೆಯಲ್ಲಿ ಇಬ್ಬರೂ ಎರಡನ್ನೂ ಓಡಿಸುವುದು.

ನನಗೆ ಸಿಕ್ಕಿದ್ದು 1966ರ ಆಲ್ಫಾ ರೋಮಿಯೊ ಸ್ಪೈಡರ್ ಎಂಬ ತೆರೆದ ಕಾರು. ಜನ ಇದನ್ನು ‘ಡುಯೆಟ್ಟೊ’ ಎಂದೇ ಕರೆಯುತ್ತಾರೆ. ಸ್ಪರ್ಧೆ ಏರ್ಪಡಿಸಿ ಆರಿಸಿದ ಹೆಸರು ಅದು. ಆದರೆ ಅದೇ ಹೆಸರಿನ ತಿನಿಸೊಂದು ಆಗಲೇ ಮಾರುಕಟ್ಟೆಯಲ್ಲಿದ್ದುದರಿಂದ ಕಾರಿನ ಮೇಲೆ ಹಾಕುವಂತಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಇದು ಹೊರಬಂತು. ಇದಕ್ಕೆ ರೂಪ ಕೊಟ್ಟ ಸಂಸ್ಥೆಯ ಸ್ಥಾಪಕ ಬತಿಸ್ತಾ ಪಿನಿನ್‌ಫರೀನಾ ಮರುತಿಂಗಳೇ ತೀರಿಕೊಂಡರು. 1570 ಸಿಸಿ ಎಂಜಿನ್, 109 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ತುಸು ಕಡಿಮೆ. ಗೆಳೆಯನ ಕಾರಿನದು 394 ಅಶ್ವಶಕ್ತಿ, ತೂಕ ಒಂದೂವರೆ ಟನ್. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಅದು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ತಲುಪುತ್ತದೆ. ಕಾಗದದ ಮೇಲೆ ಹೋಲಿಸುವುದಕ್ಕೆ ಏನೂ ಇಲ್ಲ.

ಫ್ಲಾರೆನ್ಸಿನ ಹಳೆಯ ಊರಿನೊಳಗೆ ಹೊರಗಿನವರ ಕಾರುಗಳಿಗೆ ನಿರ್ಬಂಧವಿದೆ. ಅದಕ್ಕೇ ಕಾರಿನ ಯಜಮಾನರು ನಗರದ ಉತ್ತರಕ್ಕೆ, ಬೆಟ್ಟ ಏರಲು ತೊಡಗುವಲ್ಲಿರುವ ಶೆಡ್ಡಿಗೆ ಬರಹೇಳಿದ್ದರು. ವಯಸ್ಸಾದ ಮೆಕ್ಯಾನಿಕ್, ಮಾತು ಕಡಿಮೆ. ಇಟಲಿಯ ಭಾಷೆಯಲ್ಲಿ ಅವರು ಹೇಳಿದ್ದನ್ನು ಗೆಳೆಯ ಕನ್ನಡಕ್ಕೆ ತಂದ: ‘ಚೋಕ್ ಮುಟ್ಟಬೇಡಿ. ಕೀಲಿ ತಿರುಗಿಸುವ ಮೊದಲು ಎಕ್ಸಲರೇಟರನ್ನು ನಾಲ್ಕು ಸಲ ಪೂರ್ತಿ ತುಳಿಯಿರಿ. ಆಮೇಲೆ ಕಾಲು ತೆಗೆದುಬಿಡಿ.’

ಇದರ ಹಿಂದೆ ಸರಳವಾದ ಕಾರಣವಿದೆ. ಈ ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಎರಡು ವೆಬರ್ ಕಾರ್ಬ್ಯುರೇಟರುಗಳು. ಪೆಡಲ್ ತುಳಿದಾಗಲೆಲ್ಲ ಅವುಗಳೊಳಗಿನ ಪುಟ್ಟ ಪಂಪು ಗಾಳಿಯ ದಾರಿಗೆ ಪೆಟ್ರೋಲನ್ನು ಚಿಮ್ಮಿಸುತ್ತದೆ. ತಣ್ಣಗಿರುವ ಎಂಜಿನ್ನಿಗೆ ಆ ಮೊದಲ ಗುಟುಕು ಬೇಕು. ಹೆಚ್ಚಾದರೆ ಸ್ಪಾರ್ಕ್ ಪ್ಲಗ್ಗುಗಳು ನೆನೆದು ಕೂರುತ್ತವೆ. ತುಳಿದೆ, ಕೀಲಿ ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಸಿಲಿಂಡರುಗಳಲ್ಲಿ ಹೊತ್ತಿಕೊಂಡಿತು, ಮೂರನೆಯದು ಸೇರಿತು, ಇನ್ನೇನು ನಿಂತೇಹೋಯಿತು ಎನ್ನುವಾಗ ನಾಲ್ಕೂ ಒಟ್ಟಾದವು. ಪೆಟ್ರೋಲಿನ ವಾಸನೆ ಶೆಡ್ಡಿನ ತುಂಬ. ಪಕ್ಕದಲ್ಲಿ ಗೆಳೆಯ ಗುಂಡಿಯೊಂದನ್ನು ಒತ್ತಿದ, ಅವನ ಕಾರು ಎದ್ದಿತು. ಅದರಲ್ಲಿ ಹೇಳುವುದಕ್ಕೇನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ ಎಂದು ಅವನು ನಕ್ಕ.

ಮೊದಲ ಹತ್ತು ಕಿಲೋಮೀಟರ್ ನನಗೆ ಕಾರು ಇಷ್ಟವಾಗಲಿಲ್ಲ. ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಇಲ್ಲದ ಬ್ರೇಕ್ ಪೆಡಲ್ ಮರದ ಹಲಗೆಯಷ್ಟು ಗಟ್ಟಿ. ಒತ್ತಿದಷ್ಟಕ್ಕೆ ಮಾತ್ರ ನಿಲ್ಲುತ್ತದೆ, ಒಂದು ಗುಲಗಂಜಿಯಷ್ಟೂ ಹೆಚ್ಚು ಕೊಡುವುದಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗುವವರೆಗೆ ಎರಡನೇ ಗೇರಿಗೆ ಒಂದು ಕ್ಷಣ ತಡೆದು ಹಾಕಬೇಕು. ಸ್ಟೀರಿಂಗ್ ಚಕ್ರ ದೊಡ್ಡದು, ಹಿಡಿ ತೆಳುವು. ಮೆಲ್ಲಗೆ ಹೋಗುವಾಗ ಅದನ್ನು ತಿರುಗಿಸಲು ಹೆಗಲೂ ಬೇಕಾಗುತ್ತದೆ. ತಲೆಯ ಹಿಂದೆ ಒರಗು ಇಲ್ಲ. ಅಪಘಾತವಾದರೆ ನನ್ನನ್ನು ಕಾಯಲು ಇಲ್ಲಿ ಯಾವುದನ್ನೂ ಇಟ್ಟಿಲ್ಲ ಎಂಬುದು ಕುಳಿತಲ್ಲಿಂದಲೇ ಕಾಣುತ್ತದೆ. ಹಳೆಯ ಕಾರುಗಳನ್ನು ಹಾಡಿ ಹೊಗಳುವವರು ಈ ಮಾತನ್ನು ಮೆಲುದನಿಯಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಳೆಯ ರಾತ್ರಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗಬೇಕೆಂದರೆ ನಾನು ಗೆಳೆಯನ ಕಾರನ್ನೇ ಕೇಳಿ ಪಡೆಯುತ್ತೇನೆ.

ಪ್ರಾತೊಲಿನೊ ದಾಟಿ, ಸಾನ್ ಪಿಯೆರೊ ಆ ಸಿಯೆವೆ ಊರನ್ನೂ ಹಿಂದೆ ಹಾಕಿದ ಮೇಲೆ ನಿಜವಾದ ಏರು ಮೊದಲಾಯಿತು. ಇದು ಮುಜೆಲ್ಲೊ ಸೀಮೆ. ಇಲ್ಲಿ ಇಂದು ದೊಡ್ಡ ರೇಸ್ ಟ್ರ್ಯಾಕ್ ಇದೆ. ಅದಕ್ಕೂ ಮೊದಲು, 1970ರವರೆಗೆ, ಇದೇ ಹಳ್ಳಿರಸ್ತೆಗಳೇ ಓಟದ ಅಂಗಳವಾಗಿದ್ದವು. ಸ್ಕಾರ್ಪೆರಿಯಾ, ಫಿರೆಂಜುವೊಲಾ, ಫುತಾಗಳನ್ನು ಸುತ್ತಿ ಬರುವ ಒಂದು ಸುತ್ತಿಗೇ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಗುತ್ತಿತ್ತು.

ಏರು ಬಂದಂತೆ ಕಾರಿನ ಸ್ವಭಾವವೇ ಬದಲಾಯಿತು. ಎಣ್ಣೆ ಬಿಸಿಯಾಯಿತು, ಗೇರುಗಳು ಹಗುರಾದವು. ಮೂರು ಸಾವಿರ ಆರ್‌ಪಿಎಂ ದಾಟಿದೊಡನೆ ಕಾರ್ಬ್ಯುರೇಟರುಗಳು ಗಾಳಿ ಸೆಳೆಯುವ ಗೊಗ್ಗರು ದನಿ ಬಾನೆಟ್ಟಿನ ಅಡಿಯಿಂದ ಎದ್ದಿತು. ಹೇರ್‌ಪಿನ್ ತಿರುವೊಂದನ್ನು ಹೇಗೆ ದಾಟಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ನಮ್ಮ ವಾದದ ಜೀವ ಇರುವುದೇ ಅಲ್ಲಿ. ತಿರುವು ಕಾಣುತ್ತದೆ. ಮೂರನೇ ಗೇರಿನಲ್ಲಿದ್ದೇನೆ. ಬಲಗಾಲಿನ ಮುಂಭಾಗದಿಂದ ಬ್ರೇಕ್ ಒತ್ತುತ್ತೇನೆ, ಕಾರಿನ ಭಾರ ಮುಂದಕ್ಕೆ ಬಂದು ಮೂತಿ ತಗ್ಗುತ್ತದೆ. ಎಡಗಾಲು ಕ್ಲಚ್ ಮೇಲೆ. ಬ್ರೇಕ್ ಬಿಡದೆಯೇ ಬಲಗಾಲಿನ ಅಂಚನ್ನು ವಾಲಿಸಿ ಎಕ್ಸಲರೇಟರನ್ನು ಒಮ್ಮೆ ತಟ್ಟುತ್ತೇನೆ. ಎಂಜಿನ್ ಸದ್ದು ಏರಿದ ಆ ಘಳಿಗೆಯಲ್ಲೇ ಲಿವರನ್ನು ಎರಡಕ್ಕೆ ಎಳೆದು ಕ್ಲಚ್ ಬಿಡುತ್ತೇನೆ. ಎಂಜಿನ್ನಿನ ವೇಗವೂ ಚಕ್ರಗಳ ವೇಗವೂ ಒಂದಕ್ಕೊಂದು ಹೊಂದಿದ್ದರೆ ಗೇರು ಬಿದ್ದದ್ದೇ ತಿಳಿಯುವುದಿಲ್ಲ. ಹೊಂದದಿದ್ದರೆ ಇಡೀ ಕಾರು ಅದರಿಬಿದ್ದು ತನ್ನ ಅಸಮಾಧಾನವನ್ನು ಹೇಳುತ್ತದೆ. ಮತ್ತೆ ತಿರುಗುವಾಗ 155 ಮಿ.ಮೀ. ಅಗಲದ ಟೈರುಗಳು ಮೊದಲು ಸ್ಟೀರಿಂಗಿನಲ್ಲಿ ಬಿಗಿಯಾಗುತ್ತವೆ, ಆಮೇಲೆ ತುಸುವೇ ಸಡಿಲುತ್ತವೆ. ಹಿಡಿತ ಮುಗಿಯುತ್ತಾ ಬಂತು ಎಂಬ ಸುದ್ದಿ ಅಂಗೈಗೂ ಸೊಂಟಕ್ಕೂ ಮುಂಚಿತವಾಗಿಯೇ ಬಂದಿರುತ್ತದೆ.

ಇಷ್ಟೆಲ್ಲ ನಡೆದದ್ದು ಗಂಟೆಗೆ ನಲವತ್ತು, ಐವತ್ತು ಕಿಲೋಮೀಟರ್ ವೇಗದಲ್ಲಿ. ಹಿಂದೆ ಬರುತ್ತಿದ್ದ ಗೆಳೆಯನಿಗೆ ಬೇಸರದಲ್ಲಿ ಆಕಳಿಕೆ ಬಂದಿರಬೇಕು. ನನಗೋ ಬೆವರು.

903 ಮೀಟರ್ ಎತ್ತರದ ಫುತಾ ಘಾಟಿಯ ಬಳಿ ಎರಡೂ ಕಾರುಗಳನ್ನು ನಿಲ್ಲಿಸಿದೆವು. ಅಲ್ಲಿನ ಗುಡ್ಡದ ಮೇಲೆ ಜರ್ಮನ್ ಯುದ್ಧ ಸ್ಮಶಾನವಿದೆ. 1944ರಲ್ಲಿ ಈ ಬೆಟ್ಟಸಾಲಿನ ಉದ್ದಕ್ಕೂ ಹಾದುಹೋಗಿದ್ದ ‘ಗೋಥಿಕ್ ಲೈನ್’ ರಕ್ಷಣಾ ಸಾಲಿನ ಕದನಗಳಲ್ಲೂ ಸುತ್ತಲಿನ ಸೀಮೆಯಲ್ಲೂ ಸತ್ತ ಮೂವತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿದ್ದಾರೆ. ಸುರುಳಿಯಾಗಿ ಮೇಲೇರುವ ಕಲ್ಲುಗೋಡೆಯ ಪಕ್ಕ ಸ್ವಲ್ಪ ದೂರ ನಡೆದು, ಹೆಚ್ಚು ಮಾತಾಡದೆ ಮರಳಿದೆವು. ಅಲ್ಲಿಂದ 968 ಮೀಟರಿನ ರಾತಿಕೋಸಾ ಘಾಟಿಯವರೆಗೆ ಬೆಟ್ಟದ ನೆತ್ತಿಯಲ್ಲೇ ಸಾಗುವ ರಸ್ತೆ ಇಡೀ ದಾರಿಯ ಮುಕುಟ. ವಾರದ ಕೊನೆಯಲ್ಲಿ ಮೋಟಾರ್‌ಸೈಕಲ್ ಸವಾರರು ಇಲ್ಲಿ ಜಾತ್ರೆಯಂತೆ ಸೇರುತ್ತಾರೆ. ಅಂದು ಯಾರೂ ಇರಲಿಲ್ಲ.

ಇದೇ ಭಾಗವನ್ನು 1955ರ ಮೇ 1ರಂದು ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್‌ಆರ್ ಕಾರಿನಲ್ಲಿ ದಾಟಿದ್ದರು. ಬ್ರೆಶಿಯಾದಿಂದ ರೋಮಿಗೆ ಹೋಗಿ ಮರಳುವ ಮಿಲ್ಲೆ ಮಿಲ್ಯಾ ಓಟ, ಸುಮಾರು 1600 ಕಿಲೋಮೀಟರ್. ಪಕ್ಕದ ಸೀಟಿನಲ್ಲಿ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್. ಅವರ ಕೈಯಲ್ಲಿದ್ದ ಪೆಟ್ಟಿಗೆಯೊಳಗೆ ಐದು ಮೀಟರಿಗೂ ಉದ್ದದ ಕಾಗದದ ಸುರುಳಿ. ರಸ್ತೆಯ ಅಪಾಯಗಳನ್ನೆಲ್ಲ ಅದರಲ್ಲಿ ಬರೆದುಕೊಂಡಿದ್ದರು. ಎಂಜಿನ್ ಅಬ್ಬರದಲ್ಲಿ ಮಾತು ಕೇಳಿಸದು ಎಂದು ಕೈಸನ್ನೆಯಲ್ಲೇ ತಿಳಿಸುತ್ತಿದ್ದರು. 10 ಗಂಟೆ 7 ನಿಮಿಷ 48 ಸೆಕೆಂಡು. ಸಾಮಾನ್ಯ ರಸ್ತೆಗಳಲ್ಲಿ ಸರಾಸರಿ ಗಂಟೆಗೆ 157 ಕಿಲೋಮೀಟರಿಗಿಂತ ಹೆಚ್ಚು. ಆ ದಾಖಲೆ ಮುರಿಯಲಿಲ್ಲ, ಇನ್ನು ಮುರಿಯುವಂತೆಯೂ ಇಲ್ಲ. 1957ರಲ್ಲಿ ಕಾರೊಂದು ಜನರ ಮೇಲೆ ನುಗ್ಗಿ ಮಕ್ಕಳೂ ಸತ್ತ ಮೇಲೆ ಆ ಓಟವನ್ನೇ ನಿಲ್ಲಿಸಿದರು. ಇಂದು ಅದೇ ಹೆಸರಿನಲ್ಲಿ ನಡೆಯುವುದು ಹಳೆಯ ಕಾರುಗಳ ಸಮಯಪಾಲನೆಯ ಸ್ಪರ್ಧೆ. ಆ ಕಾಲದ ಓಟಗಳಲ್ಲಿ ಭಾಗವಹಿಸಿದ ಮಾದರಿಗಳಿಗಷ್ಟೇ ಪ್ರವೇಶ. 1966ರ ನಮ್ಮ ಕಾರು ಅವರ ಲೆಕ್ಕದಲ್ಲಿ ಇನ್ನೂ ಹುಡುಗು.

ರಾತಿಕೋಸಾದಲ್ಲಿ ಕೀಲಿಗಳನ್ನು ಅದಲುಬದಲು ಮಾಡಿಕೊಂಡೆವು. ಫುತಾವರೆಗೆ ಹಿಂದಕ್ಕೆ ಹೋಗಿ ಮತ್ತೆ ಬರುವುದೆಂದು ಒಪ್ಪಂದ.

911ರಲ್ಲಿ ಕುಳಿತ ಕೂಡಲೇ ಗಾಳಿಯೂ ಸದ್ದೂ ನಿಂತವು. ಹೊರಟೆ. ನಾನು ಮೆಚ್ಚಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸ್ಟೀರಿಂಗ್ ಎಷ್ಟು ಖಚಿತವೆಂದರೆ ನೋಡಿದಲ್ಲಿಗೆ ಕಾರು ಹೋಗುತ್ತದೆ. ಎಂಟು ಗೇರುಗಳಲ್ಲಿ ಯಾವುದು ಬೇಕೆಂಬುದು ನನಗಿಂತ ಚೆನ್ನಾಗಿ ಅದಕ್ಕೇ ಗೊತ್ತು. ಕೆಳಗಿನ ಗೇರಿಗೆ ಇಳಿಯುವಾಗ ಎಂಜಿನ್ನಿನ ವೇಗವನ್ನು ಅದೇ ಹೊಂದಿಸಿಕೊಳ್ಳುತ್ತದೆ, ಒಮ್ಮೆಯೂ ತಪ್ಪುವುದಿಲ್ಲ. ಹಿಂದಿನ ಟೈರುಗಳ ಅಗಲ 295 ಮಿ.ಮೀ., ಹೆಚ್ಚುಕಡಿಮೆ ಡುಯೆಟ್ಟೊದ ಎರಡು ಟೈರುಗಳನ್ನು ಜೋಡಿಸಿ ಇಟ್ಟಷ್ಟು. ಅರ್ಧ ಗಂಟೆಯ ಹಿಂದೆ ನಾನು ಬೆವರು ಸುರಿಸಿ ದಾಟಿದ ತಿರುವುಗಳು ಇದಕ್ಕೆ ತಿರುವುಗಳೇ ಅಲ್ಲ.

ನನ್ನ ತಕರಾರೂ ಅಲ್ಲಿಂದಲೇ ಶುರು. ಈ ಕಾರಿಗೆ ಕೆಲಸ ಎನಿಸುವಂಥದ್ದು ಎದುರಾಗುವ ವೇಗಕ್ಕೆ ನಾನು ಸಾರ್ವಜನಿಕ ರಸ್ತೆಯಲ್ಲಿ ಹೋಗುವಂತೆಯೇ ಇಲ್ಲ. ಎಕ್ಸಲರೇಟರನ್ನು ಪೂರ್ತಿ ಒತ್ತಿದರೆ ಎರಡನೇ ಗೇರು ಮುಗಿಯುವ ಮೊದಲೇ 90ರ ಮಿತಿ ದಾಟಿರುತ್ತದೆ. ಮಿತಿ ಮೀರಿದರೆ ಎಚ್ಚರಿಸುವ ಗಂಟೆಯೊಂದು ಬಡಿಯುತ್ತದೆ. 2024ರ ಜುಲೈನಿಂದ ಯುರೋಪಿನ ಒಕ್ಕೂಟದಲ್ಲಿ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ಇಂಥ ವ್ಯವಸ್ಥೆ ಕಡ್ಡಾಯ. ಒಳ್ಳೆಯದೇ, ಜೀವ ಉಳಿಸುವ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾರಿನ ಶಕ್ತಿಯ ಕಾಲು ಭಾಗವನ್ನೂ ಬಳಸದೆ ಆ ರಸ್ತೆಯನ್ನು ಮುಗಿಸಿದಾಗ, ಇಲ್ಲಿ ನಾನು ಮಾಡಿದ್ದೇನು ಎಂಬ ಪ್ರಶ್ನೆ ಉಳಿಯಿತು. ಕಷ್ಟದ ಕೆಲಸವನ್ನೆಲ್ಲ ಎಂಜಿನಿಯರುಗಳು ನಾನು ಕೂರುವ ಮೊದಲೇ ಮುಗಿಸಿಟ್ಟಿದ್ದಾರೆ. ಔತಣಕ್ಕೆ ಬಂದು ಉಂಡು ಹೋಗುವುದಕ್ಕೂ ಅಡುಗೆಗೆ ಕೈಹಾಕುವುದಕ್ಕೂ ಇರುವ ವ್ಯತ್ಯಾಸ ಅದು. ಊಟ ಔತಣದ್ದೇ ರುಚಿಯಾಗಿರಬಹುದು.

ಹಳೆಯ ಕಾರು ಒಳ್ಳೆಯದಾದ್ದರಿಂದ ಸುಖ ಕೊಡುತ್ತದೆ ಎಂದು ನಾನು ವಾದಿಸುವುದಿಲ್ಲ. ಅದರ ಮಿತಿ ನನ್ನ ಮಿತಿಯ ಹತ್ತಿರದಲ್ಲಿದೆ, ಅಷ್ಟೇ. 109 ಅಶ್ವಶಕ್ತಿಯನ್ನು ಪೂರ್ತಿ ಬಳಸಿಕೊಂಡು, ಯಾರಿಗೂ ಕೇಡು ಮಾಡದೆ, ಕಾನೂನಿನೊಳಗೇ ಇದ್ದು ಬೆಟ್ಟ ಹತ್ತಬಹುದು. ಹೊಸ ಕಾರುಗಳಲ್ಲೂ ತೂಕ ಇಳಿಸಿ, ಕೈಯಿಂದ ಹಾಕುವ ಗೇರು ಉಳಿಸಿಕೊಂಡ ಕೆಲವು ಸಣ್ಣ ಕಾರುಗಳಿವೆ. ಅವು ಈ ಗುಟ್ಟನ್ನು ಬಲ್ಲವು. ಮಜ್ದಾದ ಎಂಎಕ್ಸ್-5 ಅಂಥದ್ದು. 1989ರಿಂದ ಇಂದಿನವರೆಗೂ ಒಂದು ಟನ್ನಿನ ಆಸುಪಾಸಿನಲ್ಲೇ ಉಳಿದಿದೆ.

ಫುತಾದಿಂದ ಮರಳಿ ರಾತಿಕೋಸಾಕ್ಕೆ ಬಂದಾಗ ಗೆಳೆಯನ ಮುಖ ಕೆಂಪೇರಿತ್ತು. ಮನಸ್ಸು ಬದಲಾಯಿತೇನೋ ಎಂದುಕೊಂಡೆ.

‘ಹೇಗಿತ್ತು?’

‘ಬೆನ್ನು ಹಿಡಿದುಕೊಂಡಿದೆ’ ಎಂದ. ‘ಎರಡು ತಿರುವು ಮಾತ್ರ ಸರಿಯಾಗಿ ಬಂತು. ಉಳಿದದ್ದರಲ್ಲೆಲ್ಲ ಗೇರು ಕಿರುಚಿತು.’

‘ಆ ಎರಡು?’

ಅವನು ಸ್ವಲ್ಪ ಹೊತ್ತು ಕೀಲಿಯನ್ನು ಕೈಯಲ್ಲೇ ಆಡಿಸಿದ. ‘ಆ ಎರಡು ಚೆನ್ನಾಗಿದ್ದವು, ಒಪ್ಪುತ್ತೇನೆ. ಈಗ ನನ್ನ ಎ.ಸಿ. ನನಗೆ ಕೊಡು.’

ಮೊಂಗಿದೋರೊ, ಲೊಯಾನೊ ಊರುಗಳ ಮೂಲಕ ಇಳಿದೆವು. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗದಿರಲೆಂದು ಎರಡು, ಮೂರನೇ ಗೇರುಗಳಲ್ಲೇ ಹಿಡಿದು ಬಂದೆ. ಪಿಯಾನೊರೊ ಬಂದದ್ದೇ ಸುಖವೆಲ್ಲ ಮುಗಿಯಿತು. ಬೊಲೊನ್ಯಾದ ಸಂಜೆಯ ವಾಹನದಟ್ಟಣೆಯಲ್ಲಿ ಎಡಗಾಲು ಕ್ಲಚ್ ತುಳಿದೂ ತುಳಿದೂ ಸೋತಿತು. ಡ್ಯಾಶ್‌ಬೋರ್ಡಿನ ನಡುವಿನ ನೀರಿನ ಉಷ್ಣತೆಯ ಮುಳ್ಳು ಪ್ರತಿ ಸಿಗ್ನಲ್ಲಿನಲ್ಲೂ ಒಂದಿಷ್ಟು ಮೇಲೇರಿತು. ಆ ಕಾರ್ಬ್ಯುರೇಟರುಗಳನ್ನು ಮಾಡುತ್ತಿದ್ದ ವೆಬರ್ ಕಂಪನಿಯನ್ನು ಎದುವಾರ್ದೊ ವೆಬರ್ 1923ರಲ್ಲಿ ಕಟ್ಟಿದ್ದು ಇದೇ ಬೊಲೊನ್ಯಾದಲ್ಲಿ. ಹುಟ್ಟೂರಿಗೆ ಬಂದ ಸಂಭ್ರಮವನ್ನೇನೂ ಅವು ತೋರಿಸಲಿಲ್ಲ. ನಿಂತಲ್ಲಿ ಗೊಣಗುತ್ತಾ ಪೆಟ್ರೋಲಿನ ಹೊಗೆ ಕಾರಿದವು. ಪಕ್ಕದ ಸಾಲಿನಲ್ಲಿ ಗೆಳೆಯ ಗಾಜು ಏರಿಸಿಕೊಂಡು, ಹಾಡು ಕೇಳುತ್ತಾ, ನನ್ನತ್ತ ಕೈಬೀಸಿದ.

ಅವನ ಮನೆಯ ಮುಂದೆ ಕಾರು ನಿಲ್ಲಿಸುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು. ಮರುದಿನ ಹನ್ನೆರಡು ಗಂಟೆಯೊಳಗೆ ಕಾರನ್ನು ಶೆಡ್ಡಿಗೆ ಒಪ್ಪಿಸಬೇಕಿತ್ತು. ‘ಹೆದ್ದಾರಿಯಲ್ಲಿ ಹೋಗು, ಹತ್ತಕ್ಕೆ ಹೊರಟರೂ ಸಾಕು’ ಎಂದು ಗೆಳೆಯ ಹೇಳಿದ. ಆರು ಗಂಟೆಗೇ ಎದ್ದರೆ ಬೆಟ್ಟದ ದಾರಿಯಲ್ಲಿ ಹೋಗಿಯೂ ಹೊತ್ತಿಗೆ ಮುಟ್ಟಬಹುದು ಎಂದು ಲೆಕ್ಕ ಹಾಕಿ ಐದೂವರೆಗೆ ಅಲಾರಂ ಇಟ್ಟೆ. ಅಷ್ಟು ಬೇಗ ಆ ಎಂಜಿನ್ ಚಾಲೂ ಮಾಡಿದರೆ ಅಕ್ಕಪಕ್ಕದವರು ತನ್ನನ್ನು ಬೈಯುತ್ತಾರೆ, ಮೂಲೆಯವರೆಗೆ ತಳ್ಳಿಕೊಂಡು ಹೋಗೋಣ, ತಾನೂ ಏಳುತ್ತೇನೆ ಎಂದು ಅವನು ಹೇಳಿದ.