ಶಾರ್ಟ್ ಪಟ್ಟಿ: ಲೋಹ ಒಳಗೆ, ಐಟಿ ಹೊರಗೆ

ಷೇರು ಮಾರುಕಟ್ಟೆ ಕುಸಿಯುವ ಮುನ್ನ ಯಾವ ವಲಯ ಶಾರ್ಟ್ ಮಾಡಬೇಕು (ದರ ಬೀಳುತ್ತದೆಂದು ಮೊದಲೇ ಮಾರಿ, ಆಮೇಲೆ ಅಗ್ಗಕ್ಕೆ ಕೊಳ್ಳುವುದು) ಅನ್ನೋ ಪಟ್ಟಿ ಈ ವಾರ ಸಾಕಷ್ಟು ಚಿಕ್ಕದಾಯಿತು. ಸದ್ಯಕ್ಕೆ ಎಲ್ಲವೂ ನೋಟ್‌ಬುಕ್ಕಿನಲ್ಲೇ, ರೊಕ್ಕ ಇನ್ನೂ ಹಾಕಿಲ್ಲ.

ಹಳೆಯ ಕುಸಿತಗಳ ಚಾರ್ಟ್ ಪಕ್ಕಪಕ್ಕ ಇಟ್ಟು ನೋಡಿದೆ. 2008ರಲ್ಲಿ ಸೆನ್ಸೆಕ್ಸ್ 21,000ದ ಮೇಲಿಂದ 8,000ದ ಕೆಳಗೆ ಇಳಿಯಿತು. ರಿಯಾಲ್ಟಿ (ಮನೆ, ಕಟ್ಟಡ ಕಟ್ಟಿ ಮಾರುವ ಕಂಪನಿಗಳು) ಅದಕ್ಕಿಂತ ಎಷ್ಟೋ ಆಳಕ್ಕೆ ಹೋಯಿತು. 2020ರಲ್ಲಿ ನಿಫ್ಟಿ 12,400ರಿಂದ ಮಾರ್ಚ್ ಹೊತ್ತಿಗೆ 7,500ರ ಆಸುಪಾಸಿಗೆ ಬಂತು, ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿ ಹೆಚ್ಚುಕಡಿಮೆ ಅರ್ಧವಾಯಿತು. ಜೋರಾಗಿ ಪೆಟ್ಟು ತಿನ್ನುವುದು ಸಾಲದ ಮೇಲೆ ನಡೆಯುವ ವಲಯ, ಇಲ್ಲವೇ ‘ಮುಂದಿನ ವರ್ಷ ನೋಡೋಣ’ ಎಂದು ಗಿರಾಕಿ ಮುಂದೂಡಬಹುದಾದ ಸರಕಿನ ವಲಯ. ಸಾಬೂನು, ಮಾತ್ರೆ ಯಾರೂ ಮುಂದೂಡುವುದಿಲ್ಲ. ಹಾಗಾಗಿ ಎಫ್‌ಎಂಸಿಜಿ (ದಿನಬಳಕೆ ಸರಕು), ಫಾರ್ಮಾ (ಔಷಧ) ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ಐಟಿಯನ್ನೂ ಬಿಟ್ಟೆ: ಸಾಲ ಕಡಿಮೆ, ರೂಪಾಯಿ ಬಿದ್ದರೆ ಡಾಲರ್ ಗಳಿಕೆಯ ಆಸರೆ ಬೇರೆ.

ಲೋಹ ಉಳಿಯಿತು. ಇದಕ್ಕೆ ಬೆಳಗಾವಿಯಲ್ಲಿರುವುದು ದೊಡ್ಡ ಅನುಕೂಲ. ಉದ್ಯಮಬಾಗದಲ್ಲಿ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ನಡೆಸುವ ನಮ್ಮ ಕಾಕಾ ಮೊನ್ನೆ ಅಂದರು: “ಪಿಗ್ ಐರನ್ ದರ ಇಳದ್ರೂ ಯಾರೂ ಮಾಲ್ ತುಂಬಿಸಿ ಇಡವಲ್ರು ನೋಡಪಾ. ಮುಂದ ಆರ್ಡರ್ ಬರ್ತಾವಂತ ಯಾರಿಗೂ ನಂಬಿಕಿ ಇಲ್ಲ.” ಎರಕಕ್ಕೆ ಬಳಸುವ ಈ ಕಚ್ಚಾ ಕಬ್ಬಿಣವನ್ನು ದರ ಇಳಿದಾಗ ತುಂಬಿಸಿಡುವುದು ಫೌಂಡ್ರಿಯವರ ಹಳೇ ರೂಢಿ. ಅದು ನಿಂತಿದೆ ಅಂದರೆ ಗಾಡಿ, ಟ್ರ್ಯಾಕ್ಟರ್, ಪಂಪಿನ ಬೇಡಿಕೆ ಕುಗ್ಗುತ್ತಿದೆ ಎಂದೇ ನನ್ನ ಲೆಕ್ಕ. ಕಂಪನಿಗಳ ತ್ರೈಮಾಸಿಕ ಫಲಿತಾಂಶದಲ್ಲಿ ಇದು ಕಾಣುವುದು ತಡವಾಗಿ. ಒಂದು ಊರಿನ ಮಾತು ಇಡೀ ದೇಶಕ್ಕೆ ಸಾಲದು, ಅದಕ್ಕೇ ಕೊಲ್ಹಾಪುರದ ಕಡೆಯ ದರವನ್ನೂ ಬರೆದಿಡಲು ಶುರು ಮಾಡಿದ್ದೇನೆ.

ಇನ್ನು ಶಾರ್ಟ್ ಮಾಡುವ ದಾರಿ. ಕ್ಯಾಶ್‌ನಲ್ಲಿ (ನೇರ ಷೇರು ವಹಿವಾಟಿನಲ್ಲಿ) ಹೀಗೆ ಮಾರಿದ್ದನ್ನು ನಮ್ಮಂಥವರು ಅವತ್ತೇ ಕೊಂಡು ಮುಗಿಸಬೇಕು. ರಾತ್ರಿ ದಾಟಿಸಬೇಕೆಂದರೆ ಫ್ಯೂಚರ್ಸ್ (ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ದರ ನಿಗದಿ ಮಾಡುವ ಕಾಂಟ್ರಾಕ್ಟ್) ಅಥವಾ ಆಪ್ಷನ್ಸ್ (ನಿಗದಿತ ದರಕ್ಕೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು). ಬ್ಯಾಂಕ್ ನಿಫ್ಟಿಗೆ ಸೂಚ್ಯಂಕದ್ದೇ ಕಾಂಟ್ರಾಕ್ಟ್ ಇದೆ, ಲೋಹಕ್ಕೆ ಬಿಡಿ ಷೇರುಗಳನ್ನೇ ಆರಿಸಬೇಕು. ಬಿಡಿ ಷೇರಿನ ಕಾಂಟ್ರಾಕ್ಟನ್ನು ಎಕ್ಸ್‌ಪೈರಿವರೆಗೆ (ಅದರ ಅವಧಿ ಮುಗಿಯುವ ದಿನದವರೆಗೆ) ಇಟ್ಟುಕೊಂಡರೆ ಷೇರನ್ನೇ ಡೆಲಿವರಿ ಕೊಡಬೇಕಾಗಬಹುದು, ಹಾಗಾಗಿ ಮುಂಚೆಯೇ ಹೊರಬರುವುದು ಖಾತ್ರಿ.

ಬರೀ ಫ್ಯೂಚರ್ಸ್ ಮಾರಲು ನನಗೆ ಧೈರ್ಯವಿಲ್ಲ, ದರ ಏರಿದಷ್ಟೂ ನಷ್ಟ. 2019ರ ಸೆಪ್ಟೆಂಬರ್ 20ರಂದು ಕಾರ್ಪೊರೇಟ್ ತೆರಿಗೆ ಇಳಿಸಿದ ಘೋಷಣೆ ಬಂದದ್ದೇ ತಡ, ನಿಫ್ಟಿ ಒಂದೇ ದಿನ ಶೇ. 5ಕ್ಕೂ ಹೆಚ್ಚು ಜಿಗಿಯಿತು. ಬ್ಯಾಂಕ್, ಆಟೊ ಅದಕ್ಕಿಂತಲೂ ಮೇಲೆ ಹೋದವು. ಅಂಥ ದಿನ ಸ್ಟಾಪ್‌ಲಾಸ್ (ನಷ್ಟ ಒಂದು ಮಿತಿ ಮುಟ್ಟಿದೊಡನೆ ಹೊರಬರುವ ಆದೇಶ) ಕೂಡ ಹೇಳಿದ ದರಕ್ಕೆ ಸಿಗುವುದಿಲ್ಲ. ಪುಟ್ (ನಿಗದಿತ ದರಕ್ಕೆ ಮಾರುವ ಹಕ್ಕಿನ ಆಪ್ಷನ್) ಕೊಂಡರೆ ಹೆಚ್ಚೆಂದರೆ ಹೋಗುವುದು ಪ್ರೀಮಿಯಂ, ಅಂದರೆ ಅದಕ್ಕೆ ಕೊಟ್ಟ ಹಣ, ಅಷ್ಟೇ.

ಮುಂದಿನ ಕೆಲಸ: ಲೋಹ ಸೂಚ್ಯಂಕ 200 ದಿನಗಳ ಸರಾಸರಿಯ ಕೆಳಗೆ ಮುಗಿದ ಮೇಲೆ ಲೋಹದ ಷೇರುಗಳ ಪುಟ್ ಕೊಂಡಿದ್ದರೆ ಹಳೆಯ ಕುಸಿತಗಳಲ್ಲಿ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವುದು.